ಪ್ರೊಪೇನ್ ಫೈರ್ ಪಿಟ್ ತಗೋಬಹುದಾ? ಮನೇಲಿ ಇಟ್ಟುಕೊಂಡಿರೋರು ಹೇಳಿ

ಪ್ರಶ್ನೆ, ಡಾಲಸ್ ಪಕ್ಕದ ಫ್ರಿಸ್ಕೊದಿಂದ:

ನಮಸ್ಕಾರ. ಹೋದ ವರ್ಷ ಮನೆ ತಗೊಂಡ್ವಿ. ಹಿತ್ತಲಲ್ಲಿ ಸಣ್ಣ ಕಾಂಕ್ರೀಟ್ ಪ್ಯಾಟಿಯೊ, ಅದರ ಅರ್ಧಕ್ಕೆ ಮರದ ಚಾವಣಿ. ಚಳಿಗಾಲದ ಸಂಜೆ ಹೊರಗೆ ಕೂರೋಕೆ ಒಂದು ಬೆಂಕಿ ಬೇಕು ಅಂತ ಮನೆಯವಳ ಆಸೆ. ಮಗನಿಗೆ ಅಸ್ತಮಾ ಇರೋದ್ರಿಂದ ಸೌದೆ ಬೇಡ ಅಂದ್ಕೊಂಡಿದ್ದೀವಿ. ಪ್ರೊಪೇನ್ ಗ್ಯಾಸಲ್ಲಿ ಉರಿಯೋ ಫೈರ್ ಪಿಟ್, ನಡುವೆ ಬೆಂಕಿ ಇರೋ ಟೇಬಲ್ ಥರದ್ದೊಂದು ನೋಡಿಟ್ಟಿದ್ದೀನಿ, ಗಂಟೆಗೆ 50,000 ಬಿಟಿಯು (ಬಿಸಿಯ ಅಳತೆ) ಕೊಡೋದು. ಡಿಸೆಂಬರಲ್ಲಿ ಅಪ್ಪ ಅಮ್ಮ ಊರಿಂದ ಬರ್ತಿದ್ದಾರೆ, ಅಷ್ಟರೊಳಗೆ ತರಬೇಕು. ನಿಜವಾಗಿ ಚಳಿ ಬಿಡಿಸತ್ತಾ? ಗ್ಯಾಸ್ ಎಷ್ಟು ಕುಡಿಯತ್ತೆ?

ನ್ಯೂಜೆರ್ಸಿಯಿಂದ:

ಐದು ಚಳಿಗಾಲ ಉರಿಸಿದ್ದೀನಿ ಸರ್, ಅದರ ಮೇಲೆ ಹೇಳ್ತೀನಿ. ಅಸ್ತಮಾ ಇದ್ದ ಮೇಲೆ ಸೌದೆ ಬೇಡ ಅಂದಿದ್ದು ಸರಿ. ಆದ್ರೆ ಬಚ್ಚಲೊಲೆ ಮುಂದೆ ಕೂತ ಹಾಗಿರತ್ತೆ ಅಂತ ಮಾತ್ರ ತಗೋಬೇಡಿ. ಸೌದೇಲಿ ಕೆಂಡ ಇರತ್ತೆ, ಅದರ ಝಳ ಅಡ್ಡಕ್ಕೆ ಬಂದು ಮೊಣಕಾಲಿಗೆ ತಾಗತ್ತೆ. ಗ್ಯಾಸಿನ ಬಿಸಿ ಬಹುಪಾಲು ನೆಟ್ಟಗೆ ಮೇಲಕ್ಕೇ ಹೋಗತ್ತೆ. ಅಂಗೈ ಚಾಚಿದ್ರೆ ಹಿತ, ಮುಖ ಬೆಚ್ಚಗೆ, ಟೇಬಲ್ ಕೆಳಗಿನ ಪಾದ ಮಂಜುಗಡ್ಡೆ. ನಮ್ಮತ್ತೆ ಮೊದಲ ದಿನ ಹತ್ತು ನಿಮಿಷ ಕೂತು, "ದೀಪದ ಹಾಗೆ ನೋಡೋಕೆ ಚೆನ್ನಾಗಿದೆ, ಒಂದು ಶಾಲು ತಂದ್ಕೊಡು" ಅಂದ್ರು.

ಗ್ಯಾಸಿನ ಲೆಕ್ಕ ಸುಲಭ. ಒಂದು ಪೌಂಡ್ ಪ್ರೊಪೇನ್‌ಗೆ ಸುಮಾರು 21,500 ಬಿಟಿಯು. ಗ್ರಿಲ್‌ಗೆ ಹಾಕೋ 20 ಪೌಂಡ್ ಸಿಲಿಂಡರ್ ಪೂರ್ತಿ ತುಂಬಿದ್ರೆ ನೀವು ನೋಡಿರೋದು ಫುಲ್ ಉರೀಲಿ ಎಂಟೂವರೆ ಗಂಟೆ ನಡೆಯತ್ತೆ. ಆದ್ರೆ ಅಂಗಡಿ ಮುಂದೆ ಕಬ್ಬಿಣದ ಜಾಲರಿ ಪೆಟ್ಟಿಗೇಲಿಟ್ಟು ಖಾಲಿಗೆ ತುಂಬಿದ್ದು ಬದಲಾಯಿಸಿ ಕೊಡ್ತಾರಲ್ಲ, ಅದರಲ್ಲಿ ಸಾಮಾನ್ಯವಾಗಿ 15 ಪೌಂಡೇ ಇರೋದು. ಅಂದ್ರೆ ಆರೂವರೆ ಗಂಟೆ, ಎರಡು ಸಂಜೆಗೆ ಮುಗೀತು. ತೂಕ ನೋಡಿ ತುಂಬಿಸಿಕೊಡೋ ಜಾಗ ಹತ್ತಿರದಲ್ಲಿದ್ರೆ ಅಲ್ಲಿಗೇ ಹೋಗಿ. ಮಧ್ಯ ಮಾತಿನ ನಡುವೆ ಗ್ಯಾಸ್ ಖಾಲಿಯಾಗೋ ಸಂಕಟ ಬೇಡ ಅಂದ್ರೆ ಎರಡನೇ ಸಿಲಿಂಡರ್ ಇಟ್ಕೊಳ್ಳಿ, ಆದ್ರೆ ಹೊರಗೆ, ನೆಟ್ಟಗೆ ನಿಲ್ಲಿಸಿ. ಗರಾಜಲ್ಲಿ ಬೇಡ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದ್ರೆ ನೆಲ ಹಿಡಿದು ಮೂಲೆಗೆ ಸೇರ್ಕೊಳ್ಳತ್ತೆ.

ಪ್ರತಿ ಸಲ ಸಿಲಿಂಡರ್ ಬದಲಾಯಿಸಿದಾಗ ಪಾತ್ರೆ ತೊಳೆಯೋ ಸೋಪಿನ ನೀರನ್ನ ಬ್ರಷ್ಷಲ್ಲಿ ಜಾಯಿಂಟಿಗೆ ಹಚ್ಚಿ. ನಮ್ದು ಮೂರನೇ ವರ್ಷ ಹೀಗೆ ಹಚ್ಚಿದಾಗ ರೆಗ್ಯುಲೇಟರ್ ಹತ್ತಿರ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಎದ್ವು. ವಾಸನೆ ಏನೂ ಬಂದಿರಲಿಲ್ಲ. ಪೈಪ್ ಬಿಸಿಲಿಗೆ ಸಣ್ಣಗೆ ಬಿರುಕು ಬಿಟ್ಟಿತ್ತು.

ಕ್ಯಾಲಿಫೋರ್ನಿಯಾ, ಬೇ ಏರಿಯಾದಿಂದ:

ನಮಗೆ ಬೇರೆ ದಾರಿಯೇ ಇರಲಿಲ್ಲ. ಇಲ್ಲಿ ಸ್ಪೇರ್ ದಿ ಏರ್ ಅಲರ್ಟ್, ಅಂದ್ರೆ ಗಾಳಿ ಕೆಟ್ಟಿದೆ ಅನ್ನೋ ಎಚ್ಚರಿಕೆ, ಬಂದ ದಿನ ಸೌದೆ ಹಚ್ಚೋ ಹಾಗಿಲ್ಲ, ಮನೆ ಒಳಗೂ ಹೊರಗೂ. ಗ್ಯಾಸಿಗೆ ಆ ತಡೆ ಇಲ್ಲ. ಹೊಗೆ ಇಲ್ಲ, ಬೂದಿ ಎತ್ತೋದಿಲ್ಲ, ಮಾರನೇ ದಿನ ಜಾಕೆಟ್ ವಾಸನೆ ಹೊಡೆಯಲ್ಲ. ಪಕ್ಕದ ಮನೆಯವರ ಜೊತೆ ಮಾತೂ ಚೆನ್ನಾಗಿದೆ.

ಎರಡು ವಿಷಯ ನೋಡ್ಕೊಳ್ಳಿ. ಗಾಳಿಗೆ ಉರಿ ಆರಿದ್ರೆ ತಾನಾಗೇ ಗ್ಯಾಸ್ ನಿಲ್ಲಿಸೋ ಸೆನ್ಸರ್ ಇದೆಯಾ ಅಂತ ಕೇಳಿ, ಇಲ್ಲದ್ದನ್ನ ಮುಟ್ಟಬೇಡಿ. ಡಾಲಸ್ ಗಾಳಿಗೆ ಸುತ್ತ ಗಾಜಿನ ತಡೆಯೂ ಬೇಕು. ಎರಡನೇದು ಬರ್ನರ್ ಮೇಲೆ ಹರಡೋ ಕಲ್ಲು. ಮಳೆ ನೆಂದ ಲಾವಾ ಕಲ್ಲಿಗೆ ಒಂದು ಸಲ ಅವಸರದಲ್ಲಿ ಹಚ್ಚಿದೆ. ಐದು ನಿಮಿಷಕ್ಕೆ ಟಪ್ ಅಂತ ಸಿಡಿದು ಉಗುರಿನಷ್ಟು ಚೂರು ಮಗಳ ಕುರ್ಚಿ ಕೆಳಗೆ ಬಿತ್ತು. ಒಳಗೆ ಹೀರಿದ ನೀರು ಆವಿಯಾಗಿ ಕಲ್ಲು ಒಡೆಯತ್ತೆ. ಈಗ ಕಲ್ಲಿನ ಬದಲು ಫೈರ್ ಗ್ಲಾಸ್, ಅಂದ್ರೆ ಬೆಂಕಿ ತಡೆಯೋ ಗಾಜಿನ ಚೂರು ಹಾಕಿದ್ದೀವಿ, ಮೇಲೆ ಮುಚ್ಚಳ. ಚಂದ ಕಾಣತ್ತೆ ಅಂತ ಹೊಳೆ ಕಲ್ಲು ತಂದು ಹಾಕೋರೂ ಇದ್ದಾರೆ, ಅದು ಇನ್ನೂ ಅಪಾಯ.

ಮಿನಿಯಾಪೊಲಿಸ್‌ನಿಂದ:

ನಮ್ಮ ಚಳಿಯೊಳಗ ಪ್ರೊಪೇನ್ ಹೆಪ್ಪುಗಟ್ಟತೈತೇನ್ರಿ ಅಂತ ಭಾಳ ಮಂದಿ ಕೇಳ್ತಾರ. ಇಲ್ರಿ, ಅದು ಮೈನಸ್ 42 ಡಿಗ್ರಿ ಸೆಲ್ಸಿಯಸ್‌ಗೇ ಕುದೀತೈತಿ. ಆದ್ರ ದ್ರವ ಇದ್ದದ್ದು ಗ್ಯಾಸ್ ಆಗೂ ಮುಂದ ಸಿಲಿಂಡರಿನ ಕಾವೇ ಹೀರಿಕೊಳ್ತೈತಿ. ಫುಲ್ ಉರಿ ಇಟ್ಟು ತಾಸೊತ್ತು ಬಿಟ್ರ ಸಿಲಿಂಡರ್ ಹೊಟ್ಟಿ ಸುತ್ತ ಬೆಳ್ಳಗ ಮಂಜು ಹಿಡೀತೈತಿ, ಒತ್ತಡ ಇಳದು ಉರಿ ಸಣ್ಣ ಆಗತೈತಿ. ಆವಾಗ ಹೀಟರ್ ಹಚ್ಚೂದು, ಕುದಿ ನೀರು ಸುರಿಯೂದು ಮಾಡಬ್ಯಾಡ್ರಿ. ಉರಿ ಕಡಿಮಿ ಮಾಡ್ರಿ ಸಾಕು.

ಇನ್ನೊಂದು. ಹೊಸಾ ಸಿಲಿಂಡರ್ ಹಚ್ಚಿದ ಮ್ಯಾಲೆ ಉರಿ ಮೋಟಾಗೇ ನಿಂತ್ರ ಯಂತ್ರ ಕೆಟ್ಟೈತಿ ಅನ್ಕೋಬ್ಯಾಡ್ರಿ. ವಾಲ್ವ್ ಒಮ್ಮೆಲೇ ತಿರುವಿದ್ರ ಒಳಗಿನ ಸೇಫ್ಟಿ, ಪೈಪ್ ಹರದೈತಿ ಅಂತ ತಿಳಕೊಂಡು ಗ್ಯಾಸ್ ತಡೀತೈತಿ. ಎಲ್ಲಾ ಬಂದ್ ಮಾಡಿ, ಎರಡು ನಿಮಿಷ ಬಿಟ್ಟು, ಸಾವಕಾಶ ತಿರುವ್ರಿ. ನಾ ಒಂದು ಪಿಟ್ ಹಂಗ ವಾಪಸ್ ಕೊಟ್ಟು ಬಂದೆ. ಎರಡನೇದೂ ಅದೇ ಆಟ ಆಡಿದಾಗ ಬುದ್ಧಿ ಬಂತು.

ಅಟ್ಲಾಂಟಾದಿಂದ:

ನಾವು ಮಾರಿಬಿಟ್ವಿ. ವರ್ಷಕ್ಕೆ ನಾಲ್ಕು ಸಲವೂ ಹಚ್ಚಲಿಲ್ಲ. ಆ ಬಿಡುವಲ್ಲಿ ಜೇಡ ಬರ್ನರ್ ಪೈಪಲ್ಲಿ ಗೂಡು ಕಟ್ಟಿ, ಗಾಳಿ ಸರಿಯಾಗಿ ಸೇರದೆ ಫೈರ್ ಗ್ಲಾಸ್ ಎಲ್ಲ ಮಸಿ. ದಿನಾ ಕೂರೋರಿಗೆ ಸರಿ, ಹಬ್ಬಕ್ಕೊಮ್ಮೆ ಕೂರೋರಿಗೆ ದಂಡ.

ಮೂಡಿಗೆರೆಯಿಂದ:

ನಮ್ಮದು ಹೋಂಸ್ಟೇ. ಮಳೆಗಾಲದಲ್ಲಿ ಸೌದೆ ಒಣಗಲ್ಲ ಅಂತ ಗ್ಯಾಸಿಂದು ಮಾಡಿಸಿದ್ವಿ. ಇಲ್ಲಿ ಮನೆಗೆ ಕೊಡೋ 14.2 ಕೆಜಿ ಸಿಲಿಂಡರ್ ವ್ಯಾಪಾರಕ್ಕೆ ಬಳಸೋ ಹಾಗಿಲ್ಲ, 19 ಕೆಜಿ ಕಮರ್ಷಿಯಲ್ಲೇ ಬೇಕು, ಖರ್ಚು ಕೈ ಕಚ್ಚತ್ತೆ. ಮೇಲಾಗಿ ಬೆಂಗಳೂರಿಂದ ಬಂದೋರಿಗೆ ಚಟಪಟ ಸದ್ದಿಲ್ಲದ ಬೆಂಕಿ ಬೆಂಕಿಯೇ ಅಲ್ಲ. "ಸ್ಟವ್ ಮುಂದೆ ಕೂರಿಸಿದ್ರಲ್ಲ ಅಣ್ಣ" ಅಂದ್ರು ಒಬ್ರು. ತೋಟದಲ್ಲಿ ಕಡಿದ ಸಿಲ್ವರ್ ಓಕ್ ಕೊಂಬೆ ಒಟ್ಟಿ ಮತ್ತೆ ಹಳೇ ದಾರಿಗೇ ಬಂದಿದ್ದೀವಿ.

ಫ್ರಿಸ್ಕೊದಿಂದ, ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ತಗೊಳ್ಳೋದು ಅಂತ ಆಯ್ತು, ಸೆನ್ಸರ್ ಇರೋದೇ. ಕಾಲಿಗೆ ಕಂಬಳಿ, ಅಮ್ಮನಿಗೆ ಶಾಲು. ಮರದ ಚಾವಣಿ ಕೆಳಗೆ ಇಡಬಹುದಾ? ಇನ್ನೊಂದು, ಅಮ್ಮ ಫೋನಲ್ಲಿ ಕೇಳಿದ್ದು: ಅದರ ಮೇಲೆ ಗೊಜ್ಜಿಗೆ ಬದನೆಕಾಯಿ ಸುಡಬಹುದಾ ಅಂತ!

ನ್ಯೂಜೆರ್ಸಿಯಿಂದ:

ಚಾವಣಿ ಕೆಳಗೆ ಬೇಡ ಸರ್. ಬಿಸಿಯೆಲ್ಲ ಮೇಲಕ್ಕೇ ಹೋಗೋದು ಅಂದ್ನಲ್ಲ. ಆಚೆ ಬಯಲಿಗೆ ಎಳೀರಿ, ಗೋಡೆಯಿಂದ ಹತ್ತು ಅಡಿ ದೂರ ಇರ್ಲಿ. ಬದನೆಕಾಯಿ ರಸ ಗ್ಲಾಸ್ ಮೇಲೆ ಸುರಿದ್ರೆ ಅಂಟು ಹಿಡಿಯತ್ತೆ, ಬರ್ನರ್ ತೂತೂ ಕಟ್ಟತ್ತೆ. ಗ್ರಿಲ್ ಇದ್ಯಲ್ಲ? ಅದೇ ಸಿಲಿಂಡರ್ ಬಿಚ್ಚಿ ಗ್ರಿಲ್ಲಿಗೆ ಹಾಕಿ, ಬದನೆಕಾಯಿ ಸುಟ್ಕೊಂಡು, ಆಮೇಲೆ ವಾಪಸ್ ಪಿಟ್ಟಿಗೆ ಹಾಕಿ. ಸೋಪಿನ ನೀರು ಎರಡು ಸಲವೂ.