ಸಹಾಯ ಬೇಕು: ಕೌದಿಗೆ ಕೂತು ಹೊಲಿಯುವ ಲಾಂಗ್ ಆರ್ಮ್ ಮಷಿನ್ ಯಾವುದು ತಗೊಳ್ಳಲಿ?

ಎಲ್ಲರಿಗೂ ಶರಣು. ನಾನು ಕಲಬುರಗಿಯವಳು. ಮನೆಯಲ್ಲೇ ಹಳೆ ಸೀರೆ, ಧೋತರದ ಕೌದಿ ಹೊಲಿಯುತ್ತೇನೆ. ತುಂಡು ಜೋಡಿಸುವುದು ಸಾದಾ ಮಷಿನ್‌ನಲ್ಲೇ ಆಗುತ್ತದೆ. ತೊಂದರೆ ಇರುವುದು ಪದರು ಸೇರಿಸಿ ಮೇಲೆ ಹೊಲಿಗೆ ಹಾಕುವಾಗ. ಸೂಜಿಯ ಬಲಕ್ಕೆ ಇರುವ ಜಾಗ ತೀರಾ ಕಡಿಮೆ. ಡಬಲ್ ಕಾಟ್ ಕೌದಿಯನ್ನು ಸುತ್ತಿ ಅಲ್ಲಿ ತುರುಕುವುದು ಅಂದರೆ ಕುಸ್ತಿಯೇ ಸರಿ!

ಅದಕ್ಕೇ ಸೂಜಿಯ ಬಲಕ್ಕೆ ಜಾಗ ದೊಡ್ಡದಿರುವ ಲಾಂಗ್ ಆರ್ಮ್ ಮಷಿನ್ ಹುಡುಕುತ್ತಿದ್ದೇನೆ. ಫ್ರೇಮ್ ಇಟ್ಟು ನಿಂತು ಓಡಿಸುವ ಮಷಿನ್‌ಗೆ ನಮ್ಮ ಮನೆಯಲ್ಲಿ ಜಾಗವಿಲ್ಲ. ಹಾಗಾಗಿ ಟೇಬಲ್ ಮುಂದೆ ಕೂತು, ಬಟ್ಟೆಯನ್ನೇ ಕೈಯಿಂದ ಸರಿಸುವ ಬಗೆ ನೋಡುತ್ತಿದ್ದೇನೆ. ಹ್ಯಾಂಡಿ ಕ್ವಿಲ್ಟರ್ ಸ್ವೀಟ್ ಸಿಕ್ಸ್‌ಟೀನ್, ಬರ್ನಿನಾ ಕ್ಯೂ 16 ಎರಡರಲ್ಲೂ 16 ಇಂಚು ಜಾಗ ಸಿಗುತ್ತದೆ. ಜೂಕಿ ಟಿಎಲ್ ಮಷಿನ್‌ಗಳು ಇವಕ್ಕಿಂತ ಅಗ್ಗ, ಆದರೆ ಜಾಗ ಸುಮಾರು ಎಂಟೂವರೆ ಇಂಚು ಮಾತ್ರ.

ನನ್ನ ದೊಡ್ಡ ಅನುಮಾನ ಬೇರೆ. ಈ ಲಾಂಗ್ ಆರ್ಮ್‌ಗಳಲ್ಲಿ ಬಟ್ಟೆ ಎಳೆಯುವ ಹಲ್ಲು ಇರುವುದಿಲ್ಲ. ಹೂವು ಬಳ್ಳಿ ಹೊಲಿಯಲು ಹಲ್ಲು ಇಲ್ಲದಿರುವುದೇ ಚೆನ್ನ. ನಮ್ಮ ಕೌದಿಗೆ ಬೇಕಾದದ್ದು ನೆಟ್ಟಗಿನ ಸಾಲು ಹೊಲಿಗೆ ಅಲ್ವಾ? ರೂಲರ್ ಹಿಡಿದು ಹೊಲಿದವರು ಇದ್ದರೆ ಹೇಳಿ, ಕೈ ನೋಯುತ್ತದಾ? ಹೊಲಿಗೆಯ ಉದ್ದ ಸಮ ಇಡುವ ಸ್ಟಿಚ್ ರೆಗ್ಯುಲೇಟರ್‌ಗೆ ಜಾಸ್ತಿ ದುಡ್ಡು ಕೊಡಬಹುದಾ?

ಅಮೆರಿಕದಿಂದ ತರಿಸೋಣ ಅಂತ ತಮ್ಮ ಹೇಳುತ್ತಾನೆ. ಅಲ್ಲಿನದು 120 ವೋಲ್ಟ್, ನಮ್ಮದು 230. ಸುಮ್ನೆ ತಲೆನೋವು. ಹೈದರಾಬಾದ್ ಅಥವಾ ಸೊಲ್ಲಾಪುರದಲ್ಲಿ ಇಂಥ ಮಷಿನ್ ರಿಪೇರಿ ಮಾಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಬಳಸಿದ್ದು ಮಾರುವವರಿದ್ದರೂ ಸರಿ.