17 ಮಕ್ಕಳು, ಐದು ತರಗತಿ, ಮೂರು ಮನೆಮಾತು: ಶಾಲೆ ತೆರೆದ ಮೊದಲ ಹದಿನೈದು ದಿನ ಏನು ಮಾಡಬೇಕು?

ಪ್ರಶ್ನೆ: ಬಯಲುಸೀಮೆಯಿಂದ ಬಂದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆಯ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರು ವರ್ಷ ಗಣಿತ ಕಲಿಸಿದ ನಾನು ವರ್ಗಾವಣೆಯ ಮೇಲೆ ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ ಕಾಡಂಚಿನ ಕಿರಿಯ ಪ್ರಾಥಮಿಕ ಶಾಲೆಗೆ ಬಂದಿದ್ದೇನೆ. ಒಂದರಿಂದ ಐದನೇ ತರಗತಿಯವರೆಗೆ ಒಟ್ಟು 17 ಮಕ್ಕಳಿದ್ದಾರೆ. ಹುದ್ದೆಗಳು ಎರಡಿದ್ದರೂ ಪ್ರಭಾರ ಮುಖ್ಯಶಿಕ್ಷಕರು ಸಭೆಗೆಂದೋ ಪಠ್ಯಪುಸ್ತಕ, ಸಮವಸ್ತ್ರ ತರಲೆಂದೋ ತಾಲ್ಲೂಕು ಕೇಂದ್ರಕ್ಕೆ ಹೋದ ದಿನ ಐದೂ ತರಗತಿಗಳನ್ನು ನಾನೊಬ್ಬಳೇ ನೋಡಿಕೊಳ್ಳಬೇಕಾಗುತ್ತದೆ.

ಮೇ 29ಕ್ಕೆ ಶಾಲೆ ತೆರೆಯುತ್ತದೆ. ತೋರಣ, ಸಿಹಿಯೂಟ, ಊರಿನಲ್ಲಿ ದಾಖಲಾತಿಯ ಮೆರವಣಿಗೆ ಇವೆಲ್ಲವನ್ನೂ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಂತೋಷದಿಂದ ವಹಿಸಿಕೊಂಡಿದ್ದಾರೆ. ನನ್ನ ಚಿಂತೆ ಅದರ ಮರುದಿನದ್ದು. ಒಂದನೇ ತರಗತಿಗೆ ಈ ವರ್ಷ ನಾಲ್ವರು ಬರುತ್ತಾರೆ. ಇಬ್ಬರು ಎಮ್ಮೆ ಸಾಕುವ ಗೌಳಿಗರ ಕೇರಿಯಾದ ಗೌಳಿವಾಡದವರು, ಮನೆಯಲ್ಲಿ ಅವರದೇ ರೀತಿಯ ಮರಾಠಿ ಆಡುತ್ತಾರೆ. ಒಬ್ಬಳು ಸಿದ್ದಿ ಮನೆಯ ಹುಡುಗಿ, ಅವಳ ಮನೆಮಾತು ಕೊಂಕಣಿ. ನಾಲ್ಕನೆಯವನು ಕನ್ನಡದ ಮನೆಯವನಾದರೂ ಅವನ ಕನ್ನಡಕ್ಕೂ ನನ್ನ ಗದಗಿನ ಕನ್ನಡಕ್ಕೂ ಬಹಳ ಅಂತರವಿದೆ. ಅಂಗನವಾಡಿಗೆ ಇವರು ಹೋದದ್ದು ಬಿಟ್ಟುಬಿಟ್ಟು. ಕಳೆದ ವರ್ಷ ಗೌಳಿವಾಡದಿಂದ ಒಂದನೇ ತರಗತಿಗೆ ಬಂದ ಮಗುವೊಂದು ಆಷಾಢದ ಮಳೆ ಹಿಡಿದ ಮೇಲೆ ಬರುವುದನ್ನೇ ನಿಲ್ಲಿಸಿತೆಂದು ತಿಳಿಯಿತು.

ವರ್ಷಾರಂಭದಲ್ಲಿ ಹಿಂದಿನ ಕಲಿಕೆಯನ್ನು ಸರಿಪಡಿಸುವ ಇಲಾಖೆಯ ಸೇತುಬಂಧ ಸಾಹಿತ್ಯವನ್ನು ಓದಿಕೊಂಡಿದ್ದೇನೆ. ಮೊದಲು ಮಗುವಿಗೆ ಏನು ಬರುತ್ತದೆಂದು ನೋಡುವ ನೈದಾನಿಕ ಪರೀಕ್ಷೆ, ಅನಂತರ ಬುನಾದಿ ಸಾಮರ್ಥ್ಯಗಳ ಬೋಧನೆ, ಕೊನೆಗೆ ಎಷ್ಟು ಕಲಿತರೆಂದು ನೋಡುವ ಸಾಫಲ್ಯ ಪರೀಕ್ಷೆ ಎಂಬ ಕ್ರಮ ನನಗೆ ಹೊಸದೇನಲ್ಲ. ಆದರೆ ಒಂದೇ ಕೋಣೆಯಲ್ಲಿ ಐದು ತರಗತಿಗಳಿಗೆ ಇದನ್ನು ನಡೆಸುವುದು ಹೇಗೆ? ಕನ್ನಡದ ಒಂದು ಪದವನ್ನೂ ಆಡದ ಮಗುವನ್ನು ಆ ಹದಿನೈದು ದಿನಗಳಲ್ಲಿ ಎಲ್ಲಿ ಕೂರಿಸಬೇಕು, ಅದಕ್ಕೆ ಏನು ಹೇಳಬೇಕು? ಇಂಥ ಶಾಲೆಗಳಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಮುಖ್ಯಶಿಕ್ಷಕ

ತಂಗಿ, ಹಳಿಯಾಳ ಮತ್ತು ಜೋಯಿಡಾ ಕಡೆಯ ಶಾಲೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದವನು ನಾನು. ನಿಮ್ಮ ಪ್ರಶ್ನೆ ನನ್ನ ಮೊದಲ ಜೂನ್ ತಿಂಗಳನ್ನು ಕಣ್ಣೆದುರಿಗೆ ತಂದಿತು.

ಶಾಲೆ ತೆರೆಯುವ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ಗೌಳಿವಾಡಕ್ಕೆ ನಡೆದುಹೋಗಿ. ದಾಖಲಾತಿಯ ಫಾರಂ ಹಿಡಿದು ಹೋಗಬೇಡಿ, ಬರಿಯ ನೋಟುಪುಸ್ತಕ ಸಾಕು. ಬೆಳಗಿನ ಹಾಲು ಪೇಟೆಗೆ ಹೋದ ಮೇಲೆ ಹೆಂಗಸರಿಗೆ ಸ್ವಲ್ಪ ಬಿಡುವಿರುತ್ತದೆ. ಆ ಹೊತ್ತಿನಲ್ಲಿ ಅವರ ಜಗಲಿಯ ಮೇಲೆ ಕುಳಿತು ನೀರು, ಹಸಿವು, ಹೊಟ್ಟೆನೋವು, ಮೂತ್ರ, ಅಮ್ಮ, ಹೆದರಿಕೆ, ಬಾ, ಕೂತುಕೋ ಇಂಥ ಮೂವತ್ತು ನಲವತ್ತು ಮಾತುಗಳಿಗೆ ಅವರೇನು ಹೇಳುತ್ತಾರೆಂದು ಕೇಳಿ ಬರೆದುಕೊಳ್ಳಿ. ಸಿದ್ದಿ ಮನೆಯಲ್ಲೂ ಹೀಗೆಯೇ ಮಾಡಿ. ನಿಮ್ಮ ಶಾಲೆಯ ಪಕ್ಕದಲ್ಲಿ ಹರಿಯುವ ಹಳ್ಳದಲ್ಲಿರುವುದು ಒಂದು ಮಗುವಿಗೆ ನೀರು, ಇನ್ನೊಂದಕ್ಕೆ ಪಾಣಿ, ಮತ್ತೊಂದಕ್ಕೆ ಉದಕ. ಮೂತ್ರಕ್ಕೆ ಹೋಗಬೇಕೆಂದು ಹೇಳಲು ಮಾತು ಸಿಗದೆ ಬಟ್ಟೆ ಒದ್ದೆ ಮಾಡಿಕೊಂಡ ಮಗು ಮರುದಿನ ಶಾಲೆಗೆ ಬರುವುದಿಲ್ಲ, ಮತ್ತು ಏಕೆ ಬರುವುದಿಲ್ಲವೆಂದು ಯಾರಿಗೂ ಹೇಳುವುದೂ ಇಲ್ಲ. ಇದನ್ನು ನಾನು ನನ್ನ ತರಗತಿಯಲ್ಲೇ ಕಂಡು, ಬಹಳ ತಡವಾಗಿ ಅರ್ಥಮಾಡಿಕೊಂಡೆ.

ಎರಡನೆಯ ಮಾತು ಕೋಣೆಯ ವ್ಯವಸ್ಥೆಯದು. ಐದು ತರಗತಿಗಳನ್ನು ಐದಾಗಿ ನೋಡಿದರೆ ಕೈಸೋಲುತ್ತದೆ. ಒಂದರಿಂದ ಮೂರರವರೆಗಿನ ಮಕ್ಕಳನ್ನು ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿಯ ಒಂದು ಗುಂಪಾಗಿಯೂ ನಾಲ್ಕು ಮತ್ತು ಐದನ್ನು ಇನ್ನೊಂದು ಗುಂಪಾಗಿಯೂ ಹಿಡಿಯಿರಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶಿಕ್ಷಕರೇ ಕುಳಿತು ನಲಿ-ಕಲಿಯನ್ನು ಆರಂಭಿಸಿದ್ದು ಇಂಥದೇ ಕಾಡಂಚಿನ ಮಿಶ್ರ ತರಗತಿಗಳಿಗಾಗಿ. ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತಾನಿರುವ ಮೆಟ್ಟಿಲಿನಿಂದಲೇ ಮುಂದುವರಿಯುವುದರಿಂದ ಜುಲೈನಲ್ಲಿ ಹತ್ತು ದಿನ ಮಳೆಗೆ ತಪ್ಪಿಸಿಕೊಂಡ ಮಗುವಿಗೆ ‘ನಿನ್ನ ಪಾಠ ಹೋಯಿತು’ ಎಂದು ಹೇಳಬೇಕಾಗುವುದಿಲ್ಲ. ಅಕ್ಷರಗಳೂ ಅಲ್ಲಿ ಅ, ಆ, ಇ, ಈ ಕ್ರಮದಲ್ಲಿ ಬರದೆ ರ, ಗ, ಸ, ದ, ಅ ಎಂದು ಬರುತ್ತವೆ. ಐದು ಅಕ್ಷರ ಬಂದೊಡನೆ ಮಗು ‘ಸರ’, ‘ಅರಸ’, ‘ಗರಗಸ’ ಎಂದು ಓದಿಬಿಡುತ್ತದೆ. ಆದರೆ ಗೌಳಿವಾಡದ ಮಗುವಿಗೆ ‘ಅರಸ’ ಎಂಬ ಸದ್ದು ಓದಲು ಬಂದರೂ ಅದರ ಅರ್ಥ ಬಂದಿರುವುದಿಲ್ಲವೆಂಬುದನ್ನು ನೆನಪಿಡಿ.

ಒಂದು ವರ್ಷ ನನ್ನ ತರಗತಿಯಲ್ಲಿ ಹುಡುಗನೊಬ್ಬ ನಾಲ್ಕು ದಿನ ಬಾಗಿಲ ಹೊಸ್ತಿಲಿನ ಮೇಲೆಯೇ ಕುಳಿತಿದ್ದ, ಚಪ್ಪಲಿ ಎರಡನ್ನೂ ಮಡಿಲಲ್ಲಿಟ್ಟುಕೊಂಡು. ನಾನು ಒಳಗೆ ಕರೆಯಲಿಲ್ಲ. ಐದನೇ ದಿನ ಚಿತ್ರದ ಕಾರ್ಡುಗಳನ್ನು ಹೊಸ್ತಿಲ ಬಳಿಯೇ ಹರಡಿ, ಎಮ್ಮೆಯ ಚಿತ್ರವನ್ನು ಎತ್ತಿ, ಬೇಕೆಂದೇ ಸುಮ್ಮನಿದ್ದೆ. ಅವನು ‘ಮ್ಹಸ’ ಎಂದ. ಆಮೇಲೆ ಆ ಎಮ್ಮೆಯ ಕೊಂಬು ಸರಿಯಾಗಿಲ್ಲವೆಂದು ಕೈಯಲ್ಲೇ ತೋರಿಸಿದ. ಮೂರನೇ ತರಗತಿಯಲ್ಲಿದ್ದ ಅವನ ಅಕ್ಕನೇ ಅದನ್ನು ನನಗೆ ಕನ್ನಡದಲ್ಲಿ ಹೇಳಿದಳು. ಅಂದಿನಿಂದ ಅವಳನ್ನು ತಮ್ಮನ ಪಕ್ಕದಲ್ಲೇ ಕೂರಿಸಿದೆ. ನಿಮ್ಮಲ್ಲೂ ಅಂಥ ದೊಡ್ಡ ಮಗುವೊಂದು ಇದ್ದೇ ಇರುತ್ತದೆ, ಹುಡುಕಿ. ನೈದಾನಿಕ ಪರೀಕ್ಷೆಯನ್ನು ಮೊದಲ ವಾರ ಯಾವ ತರಗತಿಗೂ ಮಾಡಬೇಡಿ ಎಂಬುದು ನನ್ನ ಅನುಭವದ ಸಲಹೆ.

ಉತ್ತರ 2: ಎಸ್‌ಡಿಎಂಸಿಯಲ್ಲಿರುವ ತಂದೆ

ನಾನು ಶಿಕ್ಷಕನಲ್ಲ, ಸಿರ್ಸಿ ಕಡೆಯ ಅಡಿಕೆ ಬೆಳೆಗಾರ. ಪರೀಕ್ಷೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನನ್ನ ಮಗಳು ಒಂದನೇ ತರಗತಿಗೆ ಸೇರಿದ್ದು ಬೇರೊಂದು ಶಾಲೆಯಲ್ಲಿ. ಮೂರನೇ ದಿನವೇ ಅವಳನ್ನು ಎಲ್ಲರೆದುರು ನಿಲ್ಲಿಸಿ ಪ್ರಶ್ನೆ ಕೇಳಿ, ಬಾರದಿದ್ದಾಗ ‘ಮನೆಯಲ್ಲಿ ಏನೂ ಹೇಳಿಕೊಟ್ಟಿಲ್ಲವೇ’ ಎಂದರಂತೆ. ಮುಂದಿನ ಮೂರು ವಾರ ಪ್ರತಿ ಬೆಳಿಗ್ಗೆ ಅವಳಿಗೆ ಹೊಟ್ಟೆನೋವು. ಈಗ ಅವಳು ಏಳನೇ ತರಗತಿ, ಚೆನ್ನಾಗಿ ಓದುತ್ತಾಳೆ. ಆದರೂ ಅಂದು ತೊಟ್ಟಿದ್ದ ಅಂಗಿಯ ಬಣ್ಣವನ್ನು ಇಂದಿಗೂ ಹೇಳುತ್ತಾಳೆ.

ಮಳೆಯ ವಿಷಯದಲ್ಲಿ ಎರಡು ಮಾತು ಸೇರಿಸುತ್ತೇನೆ. ಗೌಳಿವಾಡದ ದಾರಿಯಲ್ಲಿ ಹಳ್ಳ ದಾಟುವ ಕಾಲುಸಂಕವಿದ್ದರೆ (ಕಿರುಸೇತುವೆ) ಅದರ ಹಿಡಿಗಳ ಕತೆಯನ್ನು ಮೇ ತಿಂಗಳಲ್ಲೇ ಎಸ್‌ಡಿಎಂಸಿ ಸಭೆಯಲ್ಲಿ ಎತ್ತಿ. ಜೂನ್ ಎರಡನೇ ವಾರದಲ್ಲಿ ಸೀಳಿದ ಅಡಿಕೆ ಮರದ ದಬ್ಬೆ ಕಟ್ಟಲು ಯಾರ ಕೈಯೂ ಬಿಡುವಿರುವುದಿಲ್ಲ, ಹಳ್ಳವೂ ಕಾಯುವುದಿಲ್ಲ. ಹಾಗೆಯೇ ಪ್ರತಿ ಮಗುವಿನ ಒಂದು ಜೊತೆ ಒಣಬಟ್ಟೆ ಶಾಲೆಯಲ್ಲೇ ಇರಲಿ. ಎರಡು ಕಿಲೋಮೀಟರ್ ನಡೆದು ನೆನೆದು ಬಂದ ಮಗು ಒದ್ದೆ ಬಟ್ಟೆಯಲ್ಲಿ ಅಕ್ಷರ ಕಲಿಯುವುದಿಲ್ಲ, ನಡುಗುತ್ತಾ ಕೂರುತ್ತದೆ. ನಮ್ಮಲ್ಲಿ ಬಿಸಿಯೂಟದ ಅಡುಗೆಮನೆಯಲ್ಲಿ ಹಗ್ಗ ಕಟ್ಟಿದ್ದೇವೆ. ಒಲೆಯ ಕಾವಿಗೆ ಊಟದ ಹೊತ್ತಿಗೆಲ್ಲ ಬಟ್ಟೆ ಒಣಗುತ್ತದೆ.

ನಿಮ್ಮಲ್ಲಿ 25ಕ್ಕಿಂತ ಕಡಿಮೆ ಮಕ್ಕಳಿರುವುದರಿಂದ ಅಡುಗೆಯವರು ಒಬ್ಬರೇ ಇರುತ್ತಾರೆ. ಅವರು ಯಾವ ಕೇರಿಯವರು, ಯಾವ ಮಾತು ಆಡುತ್ತಾರೆಂದು ವಿಚಾರಿಸಿ. ನಮ್ಮ ಶಾಲೆಯಲ್ಲಿ ಅಳುವ ಮಗುವನ್ನು ಸುಮ್ಮನಾಗಿಸುವುದು ಅವರೇ. ಇನ್ನೊಂದು ವಿಷಯ: ಕ್ಷೀರಭಾಗ್ಯದ ಹಾಲಿನ ಪುಡಿಯ ಹಾಲು ಎಮ್ಮೆ ಕಟ್ಟಿದ ಮನೆಯ ಮಕ್ಕಳಿಗೆ ಮೊದಲು ಹಿಡಿಸುವುದಿಲ್ಲ, ಲೋಟ ಹಾಗೆಯೇ ಇಡುತ್ತಾರೆ. ಅದನ್ನು ಹಟವೆಂದು ತಿಳಿದು ಒತ್ತಾಯಿಸಬೇಡಿ, ಕೆಲವು ದಿನ ಬಿಡಿ.

ಉತ್ತರ 3: ಸಿಆರ್‌ಪಿ (ಸಮೂಹ ಸಂಪನ್ಮೂಲ ವ್ಯಕ್ತಿ) ಆಗಿದ್ದವಳು

ಹಿರಿಯರ ಮಾತಿಗೆ ಬಹುಪಾಲು ಒಪ್ಪಿಗೆಯಿದೆ, ಆದರೆ ಮೊದಲ ವಾರ ಯಾರಿಗೂ ನೈದಾನಿಕ ಪರೀಕ್ಷೆ ಬೇಡವೆಂಬುದನ್ನು ನಾನು ಒಪ್ಪಲಾರೆ. ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳು ಬೇಸಿಗೆ ರಜೆಯಲ್ಲಿ ಏನನ್ನು ಮರೆತಿದ್ದಾರೆಂದು ತಿಳಿಯದೆ ಪಾಠ ಆರಂಭಿಸಿದರೆ ನಷ್ಟ ಅವರದೇ. ದಶಕ ಬಿಡಿಸಿ ಕಳೆಯುವ ಲೆಕ್ಕದಲ್ಲಿ ತಡವರಿಸುವ ಐದನೇ ತರಗತಿಯ ಹುಡುಗನಿಗೆ ಭಿನ್ನರಾಶಿ ಹೇಳಿಕೊಟ್ಟು ವರ್ಷವಿಡೀ ಸೋಲಿಸಿದ್ದನ್ನು ಹಲವು ಶಾಲೆಗಳಲ್ಲಿ ನೋಡಿದ್ದೇನೆ. ಅವರಿಗೆ ಎರಡನೇ ದಿನದಿಂದಲೇ ದಿನಕ್ಕೆ ಮೂವರಂತೆ ಪಕ್ಕದಲ್ಲಿ ಕೂರಿಸಿಕೊಂಡು, ಓದಿಸಿ, ಲೆಕ್ಕ ಮಾಡಿಸಿ, ಮೌಖಿಕವಾಗಿಯೇ ನೋಡಿ. ಗಣಿತದವರಾದ ನಿಮಗೆ ಹುಡುಗ ಎಲ್ಲಿ ಎಡವಿದನೆಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಒಂದನೇ ತರಗತಿಗೆ ಮಾತ್ರ ಹಿರಿಯರು ಹೇಳಿದಂತೆಯೇ ಮಾಡಿ. ಎನ್‌ಸಿಇಆರ್‌ಟಿ 2021ರಲ್ಲಿ ರೂಪಿಸಿದ ವಿದ್ಯಾಪ್ರವೇಶವು ಮೂರು ತಿಂಗಳ ಶಾಲಾ ಸಿದ್ಧತೆಯ ಕಾರ್ಯಕ್ರಮ. ಆಟ, ಹಾಡು, ಕತೆ, ಚಿತ್ರ ಇವೇ ಅಲ್ಲಿ ಪಾಠ. ಮಗು ಮನೆಮಾತಿನಲ್ಲಿ ಉತ್ತರಿಸಿದರೆ ತಪ್ಪೆನ್ನುವ ಹಕ್ಕು ನಮಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ತಾಯ್ನುಡಿಯಲ್ಲಿ ಕಲಿಸಬೇಕೆನ್ನುತ್ತದೆ. ದಾಖಲೆಯ ಬಗ್ಗೆಯೂ ಗಾಬರಿಯಾಗಬೇಡಿ. ಗೌಳಿವಾಡದಲ್ಲಿ ಜನನ ಪ್ರಮಾಣಪತ್ರ ಇಲ್ಲದಿದ್ದರೆ ಅದೇ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದೆಂದು ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ಮಗುವನ್ನು ಕೂರಿಸಿಕೊಳ್ಳಿ, ಇಲಾಖೆಯ ವಿದ್ಯಾರ್ಥಿ ದಾಖಲೆಯ ಜಾಲತಾಣವಾದ ಎಸ್‌ಎಟಿಎಸ್‌ಗೆ ಹೆಸರು ಏರಿಸುವ ಕೆಲಸವನ್ನು ಶಾಲೆ ಬಿಟ್ಟ ಮೇಲೆ ಮಾಡಿ. ನೆಟ್‌ವರ್ಕ್ ಹುಡುಕಿಕೊಂಡು ಶಿಕ್ಷಕರು ಗುಡ್ಡ ಹತ್ತಿದ ಹೊತ್ತಿನಲ್ಲಿ ಮಕ್ಕಳು ಖಾಲಿ ಕೂತದ್ದನ್ನು ನೋಡಿ ನನಗೆ ಬಹಳ ನೋವಾಗಿದೆ.

ಪ್ರಶ್ನೆ ಕೇಳಿದ ಶಿಕ್ಷಕಿ, ಜೂನ್ ಮೂರನೇ ವಾರ

ಮೂವರಿಗೂ ಕೃತಜ್ಞತೆಗಳು. ಗೌಳಿವಾಡಕ್ಕೆ ಹೋಗಿ ಮೂವತ್ತೊಂದು ಪದಗಳನ್ನು ಬರೆದುಕೊಂಡು ಬಂದು, ದೊಡ್ಡ ಹಾಳೆಯ ಮೇಲೆ ಮೂರು ಸಾಲುಗಳಲ್ಲಿ ಕನ್ನಡ ಲಿಪಿಯಲ್ಲೇ ಬರೆದು ಬಾಗಿಲ ಪಕ್ಕ ತೂಗುಹಾಕಿದ್ದೇನೆ. ನಾಲ್ಕು ಮತ್ತು ಐದನೇ ತರಗತಿಯ ಮೌಖಿಕ ಪರೀಕ್ಷೆ ಐದು ದಿನಗಳಲ್ಲಿ ಮುಗಿಯಿತು. ಏಳು ಮಕ್ಕಳಲ್ಲಿ ನಾಲ್ವರಿಗೆ ಕಳೆಯುವ ಲೆಕ್ಕವನ್ನೇ ಮತ್ತೆ ಹಿಡಿದಿದ್ದೇನೆ. ಸಿದ್ದಿ ಮನೆಯ ಹುಡುಗಿ ಎರಡನೇ ದಿನದಿಂದಲೇ ಎಲ್ಲರ ಹಾಡಿಗೂ ತಾಳ ಹಾಕುತ್ತಿದ್ದಾಳೆ. ಒಬ್ಬ ಗೌಳಿ ಹುಡುಗ ಮಾತ್ರ ಹನ್ನೆರಡು ದಿನ ಬಾಯಿ ಬಿಡಲಿಲ್ಲ.

ನಿನ್ನೆ ಮಳೆ ಜೋರಾಗಿತ್ತು. ಮಕ್ಕಳನ್ನು ಎದುರುಗೊಳ್ಳಲು ಹಳ್ಳದವರೆಗೆ ಹೋಗಿ ಬಂದು ಕುಳಿತಾಗ ನನ್ನ ಪಾದದಿಂದ ರಕ್ತ ಇಳಿಯುತ್ತಿತ್ತು, ಬೆರಳ ಸಂದಿಯಲ್ಲಿ ಕಪ್ಪಗೆ ಏನೋ ಅಂಟಿಕೊಂಡಿತ್ತು. ಗದಗಿನಲ್ಲಿ ಬೆಳೆದ ನಾನು ಅದನ್ನು ಕಂಡವಳೇ ಅಲ್ಲ, ಕೂಗಿಕೊಂಡೆ. ಆ ಹುಡುಗ ಎದ್ದು ಅಡುಗೆಮನೆಗೆ ಓಡಿ ಮುಷ್ಟಿಯಲ್ಲಿ ಉಪ್ಪು ತಂದು, ನನ್ನ ಪಾದದ ಬಳಿ ಕುಕ್ಕರುಗಾಲಿನಲ್ಲಿ ಕುಳಿತು ಅದರ ಮೇಲೆ ಉದುರಿಸಿದ. ಅದು ಸುರುಟಿಕೊಂಡು ಬಿದ್ದ ಮೇಲೆ ನನ್ನ ಮುಖ ನೋಡಿ ‘ಜಳೂ’ ಎಂದ. ಐದನೇ ತರಗತಿಯ ಹುಡುಗಿ ‘ಅಕ್ಕೋರೆ, ಉಂಬಳ’ ಎಂದಳು. ರಕ್ತ ಹೀರುವ ಜಿಗಣೆಗೆ ಆಡುವ ಆ ಎರಡೂ ಪದಗಳು ನನಗೆ ಹೊಸವು. ಅವನನ್ನೇ ಎತ್ತಿ ಹಿಡಿದು ಹಾಳೆಯಲ್ಲಿ ಮೂವತ್ತೆರಡನೆಯದಾಗಿ ಆ ಪದಗಳನ್ನು ಬರೆದೆ. ಅದರ ಕೊಂಕಣಿಯ ಜಾಗ ಇನ್ನೂ ಖಾಲಿಯಿದೆ. ಸಿದ್ದಿ ಮನೆಯ ಹುಡುಗಿ ಅಜ್ಜಿಯನ್ನು ಕೇಳಿಕೊಂಡು ಬರುವುದಾಗಿ ಹೇಳಿ ಹೋಗಿದ್ದಾಳೆ.