ಅಪ್‌ಡೇಟ್: ಕವರ್ ಐಡಿಯಾ ಕೆಲಸ ಮಾಡಿತು

ಹೋದ ವಾರ ಕೇಳಿದ್ದೆ: ಬಾಗಲಕೋಟೆಯ ನಮ್ಮ ಆಫೀಸಿನ ಮೇಡಂ ಒಬ್ಬರು ನಿವೃತ್ತರಾಗುತ್ತಿದ್ದಾರೆ, ಉಡುಗೊರೆಗೆ ತಲಾ 500 ರೂಪಾಯಿ ಪಟ್ಟಿ ಹಾಕಿದರೆ ಕೆಲವರಿಗೆ ಕಷ್ಟ, ಏನು ಮಾಡಲಿ ಅಂತ. ‘ಹೆಸರು ಬರೆಯದ ಕವರ್ ಇಡಿ’ ಎಂದವರಿಗೆ ದೊಡ್ಡ ಥ್ಯಾಂಕ್ಸ್.

18 ಜನ, 7,850 ರೂಪಾಯಿ. ಯಾರು ಎಷ್ಟು ಹಾಕಿದರೋ ನನಗೂ ಗೊತ್ತಿಲ್ಲ. ನಮ್ಮ ಮನೆ ಮದುವೆಗಳಲ್ಲಿ ಆಹೇರಿಗೂ (ಉಡುಗೊರೆಗೂ) ಲೆಕ್ಕದ ಪುಸ್ತಕ ಇಡುತ್ತಾರೆ, ಹಾಗಾಗಿ ಇದು ನನಗೆ ಹೊಸದೇ!

4,600ಕ್ಕೆ ಇಳಕಲ್ ಸೀರೆ, ಜೊತೆಗೆ ರವಿಕೆಗೆ ಗುಳೇದಗುಡ್ಡ ಖಣ ಬಂತು. ಉಳಿದ 3,250 ಮೇಡಂ ಹೇಳಿದ ಮಕ್ಕಳ ಆಶ್ರಮಕ್ಕೆ. ಇಲ್ಲೇ ಸ್ವಲ್ಪ ತಲೆಬಿಸಿ ಆಯಿತು. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದಾನದ ಮೇಲಿನ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಯುಪಿಐ ಮಾಡಿದರೆ ರಸೀದಿ ನನ್ನೊಬ್ಬನ ಹೆಸರಿಗೆ. ಎಲ್ಲರ ದುಡ್ಡಿಗೆ ನಾನು ತೆರಿಗೆ ಉಳಿಸುವುದು ಸರಿಯಲ್ಲ ಅಲ್ವಾ? ಸುಮ್ನೆ ನಗದನ್ನೇ ಕೊಟ್ಟು, ರಸೀದಿಯನ್ನು ಆಫೀಸಿನ ಗೋಡೆಗೆ ಅಂಟಿಸಿದೆ.

ಸೀರೆಯನ್ನು ಬೀಳ್ಕೊಡುಗೆಯ ಹಿಂದಿನ ದಿನವೇ ಕೊಟ್ಟಿದ್ದೆವು. ಮೇಡಂ ಅದನ್ನೇ ಉಟ್ಟು ಬಂದರು. ಖಣ ಹೊಲಿಸೋಕೆ ಒಂದೇ ದಿನ ಕೊಟ್ಟಿರಲ್ಲ ಅಂತ ನನಗೆ ಚೆನ್ನಾಗಿ ಬೈದರು.